ಮಸಿ ಮತ್ತು ಕಾಡಿಗೆ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ ಹಿತ್ತಲ ಬಾಗಿಲಲ್ಲಿ ನಿಂತರೆ ಕೋಳಿಗೂಡು ಕಾಣುತ್ತಿರಲಿಲ್ಲ, ಒಳಗಿನ ಗೊಣಗಾಟ ಮಾತ್ರ ಕೇಳುತ್ತಿತ್ತು. ಹುಂಜಗಳಿಗೂ ಹೊತ್ತು ತಿಳಿಯದೆ, ಒಂದು ಕೂಗಿತು, ಇನ್ನೊಂದು ಶುರುಮಾಡಿ ಯಾಕೋ ಅನುಮಾನ ಬಂದು ಅರ್ಧಕ್ಕೇ ನಿಲ್ಲಿಸಿತು. ಹೊಲಿಗೆಯಮ್ಮ ಒಂದು ಹೇಂಟೆಯನ್ನು ಎಡಗಂಕುಳಲ್ಲಿ ಅವುಚಿಕೊಂಡು, ಬಲಗೈಯಿಂದ ಅದರ ರೆಕ್ಕೆಯನ್ನು ಬೀಸಣಿಗೆಯ ಹಾಗೆ ಬಿಡಿಸಿ ಹಿಡಿದು, ಬೆಳಕಿಗಾಗಿ ಕಾಯುತ್ತ ನಿಂತಿದ್ದಳು.

ಬೆಳಕಿಲ್ಲದೆ ಗೆರೆ ನೋಡಬಾರದು ಎಂಬುದು ಅವಳ ಕಟ್ಟುನಿಟ್ಟು. ಮೂವತ್ತೈದು ವರ್ಷ ಬಟ್ಟೆ ಕತ್ತರಿಸಿದ ಕೈ ಅದು. ಹೊಸದರಲ್ಲಿ ಒಮ್ಮೆ ದೀಪದ ಬೆಳಕಲ್ಲಿ ಕಪ್ಪು ದಾರವೆಂದುಕೊಂಡು ಕಡುನೀಲಿ ದಾರ ಪೋಣಿಸಿ ಯಾರದೋ ಕೋಟು ಕೆಡಿಸಿದ್ದಳು. ಅಂದಿನಿಂದ ಬಣ್ಣದ ವಿಷಯದಲ್ಲಿ ಸೂರ್ಯನೊಬ್ಬನನ್ನು ಬಿಟ್ಟು ಇನ್ಯಾರ ಮಾತನ್ನೂ ಅವಳು ನಂಬಿದವಳಲ್ಲ.

ಹಿತ್ತಲಲ್ಲಿದ್ದ ಇಪ್ಪತ್ತಾರೂ ಗೆರೆಕೋಳಿಗಳು. ಪುಕ್ಕಪುಕ್ಕದ ಮೇಲೂ ಒಂದು ಕಪ್ಪು ಒಂದು ಬಿಳಿ, ಒಂದು ಕಪ್ಪು ಒಂದು ಬಿಳಿ, ಹೀಗೆ ಬುಡದಿಂದ ತುದಿಯವರೆಗೆ ಅಡ್ಡಗೆರೆ. ಆ ತಳಿ ಹೇಗಿರಬೇಕೆಂದು ಗೆರೆಕೋಳಿ ಸಾಕುವವರ ಸಂಘ ಒಂದು ಪುಸ್ತಕ ಅಚ್ಚುಹಾಕಿಸಿತ್ತು. ಜುಟ್ಟಿನಲ್ಲಿ ಐದು ಮೊನೆ, ನಾಲ್ಕೂ ಸಲ್ಲದು, ಆರೂ ಸಲ್ಲದು. ಕಾಲು ಹಳದಿ. ಬೆನ್ನು ಚಪ್ಪಟೆ. ಹುಂಜವಾಗಲಿ ಹೇಂಟೆಯಾಗಲಿ, ಕಪ್ಪೂ ಬಿಳಿಯೂ ಸಮ ಅಗಲ. ಹನ್ನೊಂದು ವರ್ಷದಿಂದ, ಚಳಿ ಹಿಂಜರಿಯುವ ಹೊತ್ತಿಗೆ, ಅವಳು ಒಂದೊಂದನ್ನೇ ಎತ್ತಿ ಜುಟ್ಟು ಎಣಿಸಿ, ಬೆರಳು ನೆಟ್ಟಗಿವೆಯೇ ಎಂದು ಸವರಿ, ಹಿಂಬದಿಯ ಮೂಳೆಗಳ ನಡುವೆ ಎರಡು ಬೆರಳು ಹಿಡಿಯುವಷ್ಟು ಜಾಗ ಇದೆಯೇ ಎಂದು ಮುಟ್ಟಿ, ಯಾವುದು ತಾಯಿಯಾಗಬೇಕು ಎಂದು ಆರಿಸುತ್ತಿದ್ದಳು. ಗೆರೆ ಅಂಗಿಯ ಜೇಬನ್ನು ಎದೆಯ ಗೆರೆಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂರಿಸುವವಳಿಗೆ ಇದೇನು ದೊಡ್ಡ ಕೆಲಸವಲ್ಲ. ಯಾವುದರ ತಾಯಿ ಯಾವುದು, ಅಜ್ಜಿ ಯಾವುದು ಎನ್ನುವುದೆಲ್ಲ ಅವಳ ಹಳೆಯ ಅಳತೆಪುಸ್ತಕದ ಹಿಂದಿನ ಹಾಳೆಗಳಲ್ಲಿತ್ತು. ಪುಸ್ತಕದ ಮುಂದಿನಿಂದ ಊರಿನವರ ಎದೆ, ಸೊಂಟ, ತೋಳು; ಹಿಂದಿನಿಂದ ಕೋಳಿಗಳ ವಂಶ.

ಅವಳ ಕೈಯಲ್ಲಿದ್ದ ಹೇಂಟೆ ಮಾತ್ರ ಸಂಘದ ಪುಸ್ತಕಕ್ಕೆ ಹೊಂದುವಂಥದ್ದಲ್ಲ. ಅದರ ಹೆಸರು ಮಸಿ. ಜೊತೆಯದು ಕಾಡಿಗೆ. ಎರಡಕ್ಕೂ ಬೇರೆ ಗೂಡು. ಅವುಗಳ ಕಪ್ಪುಗೆರೆ ಕಿರುಬೆರಳಗಲ, ಬಿಳಿಗೆರೆ ನೂಲೆಳೆ. ದೂರದಿಂದ ನೋಡಿದವರು ಒಲೆಯೊಳಗೆ ಮಲಗಿ ಎದ್ದು ಬಂದಿವೆ ಎನ್ನಬೇಕು, ಹಾಗಿದ್ದವು. ಆದರೆ ಆ ಹಿತ್ತಲಿನ ಜೀವ ಇದ್ದದ್ದೇ ಆ ಎರಡರಲ್ಲಿ.

ಅದು ಅವಳಿಗೆ ತಿಳಿದದ್ದು ನಾಲ್ಕನೆಯ ವರ್ಷ. ಅಲ್ಲಿಯವರೆಗೆ ಪುಸ್ತಕ ಹೇಳಿದ ಹಾಗೆ ಸಮಗೆರೆಯ ಹೇಂಟೆಗಳನ್ನೇ ಆರಿಸಿ ಮರಿ ಮಾಡಿಸಿದ್ದಳು. ಹೆಣ್ಣುಮರಿಗಳೇನೋ ಚೆನ್ನಾಗಿ ಬಂದವು. ಹುಂಜಗಳು ಮಾತ್ರ ವರ್ಷದಿಂದ ವರ್ಷಕ್ಕೆ ತೊಳೆದು ತೊಳೆದು ಬಣ್ಣ ಬಿಟ್ಟ ಅಂಗಿಯಂತೆ ಬೆಳ್ಳಗಾದವು. ಅಳತೆಪುಸ್ತಕವನ್ನು ಹಿಂದೆ ಮುಂದೆ ತಿರುವಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಳು. ಕೊನೆಗೊಂದು ದಿನ ಗುಂಡಿ ಹಾಕುತ್ತ ಕೂತವಳಿಗೆ ಸೃಷ್ಟಿಕರ್ತನ ಕತ್ತರಿ ಹೇಗೆ ಓಡುತ್ತದೆಂದು ಹೊಳೆಯಿತು. ಹುಂಜಮರಿಗೆ ಬಿಳಿ ಅಪ್ಪನಿಂದಲೂ ಬರುತ್ತದೆ, ಅಮ್ಮನಿಂದಲೂ ಬರುತ್ತದೆ. ಹೆಣ್ಣುಮರಿಗೆ ಅಪ್ಪನಿಂದ ಮಾತ್ರ. ಹಾಗಾಗಿ ಹುಂಜ ಪುಸ್ತಕದಷ್ಟು ಕಪ್ಪಾಗಿ ಹುಟ್ಟಬೇಕಾದರೆ ಅದರ ತಾಯಿ ಪುಸ್ತಕಕ್ಕಿಂತ ಕಪ್ಪಾಗಿರಲೇಬೇಕು. ಸಂಘದ ಆ ಪುಸ್ತಕದಲ್ಲಿ ನಲವತ್ತೆರಡು ಪುಟ. ತಾಯಿಯ ಸುದ್ದಿ ಒಂದು ಸಾಲೂ ಇರಲಿಲ್ಲ.

ಅಂದಿನಿಂದ ಏಳು ವರ್ಷ, ತಾಯಿ ಮಗಳು ಮೊಮ್ಮಗಳೆಂದು ಆರಿಸಿ ಆರಿಸಿ, ಕಪ್ಪು ಹೇಂಟೆಗಳ ಒಂದು ಬೇರೆ ಸಾಲನ್ನೇ ಅವಳು ಕಾಪಾಡಿಕೊಂಡು ಬಂದಿದ್ದಳು. ಹಿಂದಿನ ಬೇಸಿಗೆಯಲ್ಲಿ ರೋಗ ಬಂದು ಹೋದ ಮೇಲೆ ಆ ಸಾಲಿನಲ್ಲಿ ಉಳಿದದ್ದು ಮಸಿ ಮತ್ತು ಕಾಡಿಗೆ, ಇವೆರಡೇ.

ಅಂದು ಸಂಘದ ತಪಾಸಣೆ, ಈ ವರ್ಷದಿಂದ ಹೊಸದಾಗಿ ಶುರುವಾದದ್ದು. ಹನ್ನೊಂದು ಗಂಟೆಗೆ ಕಾರ್ಯದರ್ಶಿಗಳು ಬಂದು ಕೋಳಿಗಳನ್ನು ನೋಡಿ, ಒಪ್ಪಿಗೆಯಾದರೆ ಹಿತ್ತಲಿಗೆ ಈ ವರ್ಷದ ನಂಬರು ಕೊಡುತ್ತಾರೆ. ನಂಬರಿಲ್ಲದ ಹಿತ್ತಲಿನ ಮೊಟ್ಟೆಯನ್ನು ಸಂಘದವರಾರೂ ಕಾವಿಗೆ ಕೂರಿಸುವುದಿಲ್ಲ. ಅಷ್ಟರೊಳಗೆ ಶಾಲೆಗೆ ಹದಿನೆಂಟು ಜೊತೆ ಸಮವಸ್ತ್ರ ತಲುಪಿಸಬೇಕಿತ್ತು. ಮಂಜು ಕರಗುವ ಲಕ್ಷಣ ಕಾಣಲಿಲ್ಲ. ಅವಳು ಮಸಿಯನ್ನು ಗೂಡಿಗೆ ಬಿಟ್ಟು, ಗಂಟು ತಲೆಯ ಮೇಲಿಟ್ಟುಕೊಂಡು ಗಂಡನಿಗೆ ಹೇಳಿದಳು.

"ರೀ, ಹತ್ತೂವರೆಗೆ ಬಂದುಬಿಡ್ತೀನಿ. ಅಷ್ಟರಲ್ಲಿ ಯಾರಾದ್ರೂ ಬಂದ್ರೆ ಕೂರ್ಸಿ. ಕೋಳಿ ಮುಟ್ಟೋಕೆ ಬಿಡಬೇಡಿ."

ಗಂಡ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಜಗಳವೆಂದರೆ ಅವನಿಗೆ ಆಗದು. ಇಡೀ ಜೀವಮಾನದ ಜಗಳವನ್ನು ಚಿಲ್ಲರೆಯ ವಿಷಯಕ್ಕೇ ಆಡಿ ಮುಗಿಸಿದ್ದ.

"ಸರಿ ಕಣೇ. ಕೂರ್ಸಿ ಟೀ ಕೊಡ್ತೀನಿ. ಮುಟ್ಟೋಕೆ ಬಂದ್ರೆ ಸೀಟಿ ಊದ್ತೀನಿ."

"ತಮಾಷೆ ಸಾಕು."

ಅವಳು ವಾಪಸಾದಾಗ ಹತ್ತು ಗಂಟೆ ಹದಿನೈದು ನಿಮಿಷ. ಮಂಜು ಇನ್ನೂ ಬೇಲಿಯ ಮಟ್ಟದಲ್ಲಿತ್ತು. ಗಂಡ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ, ಕೈಯಲ್ಲೊಂದು ಕಾಗದ. ಅವನ ಮುಖ ನೋಡಿದವಳೇ ಅವಳು ನೇರ ಬೇರೆ ಗೂಡಿನ ಹತ್ತಿರ ಹೋದಳು. ಬಾಗಿಲು ತೆಗೆದಿತ್ತು. ಒಳಗೆ ಹುಲ್ಲಿನ ಮೇಲೆ ಎರಡು ಗುಳಿ ಮಾತ್ರ.

"ಎಲ್ರೀ?"

"ಒಂಬತ್ತಕ್ಕೇ ಬಂದ್ಬಿಟ್ರು ಕಣೇ. ಮಂಜಲ್ವಾ, ಮಧ್ಯಾಹ್ನ ಮಳೆ ಬರಬಹುದು, ಬೇಗ ಮುಗಿಸ್ತೀನಿ ಅಂದ್ರು. ನಾನು ಬೇಡ ಅಂದೆ. ಅವರು ಪುಸ್ತಕ ತೆಗೆದ್ರು."

"ಪುಸ್ತಕ ತೆಗೆದ್ರೆ?"

"ಈ ಎರಡು ಇದ್ರೆ ಇಡೀ ಹಿತ್ತಲಿಗೇ ನಂಬರು ಸಿಗಲ್ಲ, ಇವತ್ತೇ ಹೋಗ್ಬೇಕು ಅಂದ್ರು. ನಿನ್ನ ಹನ್ನೊಂದು ವರ್ಷ ಎರಡು ಕರೀ ಕೋಳಿಯಿಂದ ಹಾಳಾಗೋದು ಬೇಡ ಅಂತ..." ಅವನು ಕಾಗದ ಮುಂದೆ ಚಾಚಿದ. "ಸಹಿ ಹಾಕಿದೆ."

ಕಾಗದದಲ್ಲಿ ಅಚ್ಚುಕಟ್ಟಾದ ಅಕ್ಷರಗಳಿದ್ದವು. ಹೇಂಟೆ ಎರಡು. ಅತಿಯಾದ ಕಪ್ಪು. ತಳಿಗೆ ಅನರ್ಹ. ಸದಸ್ಯರ ಒಪ್ಪಿಗೆಯ ಮೇರೆಗೆ ವಿಲೇವಾರಿಗೆ ಒಯ್ಯಲಾಗಿದೆ. ಮಿಕ್ಕ ಇಪ್ಪತ್ತನಾಲ್ಕಕ್ಕೆ ಒಪ್ಪಿಗೆ. ಕೆಳಗೆ ಗಂಡನ ಸಹಿ, ಟಿಕೆಟ್ ಪುಸ್ತಕದ ಮೇಲೆ ಹಾಕಿದಷ್ಟೇ ಸಲೀಸಾಗಿ.

"ಮಂಜಲ್ಲಿ ಬಣ್ಣ ನೋಡಿದ್ರಾ?" ಎಂದಳು ಹೊಲಿಗೆಯಮ್ಮ. ದನಿ ಏರಲಿಲ್ಲ. ಅವಳ ದನಿ ಏರದಿದ್ದರೆ ಗಂಡನಿಗೆ ಭಯವಾಗುತ್ತಿತ್ತು. "ಬೆಳ್ಳಗಿರೋದೂ ಕಪ್ಪಗೆ ಕಾಣೋ ಹೊತ್ತಲ್ಲಿ? ನನ್ನ ಮನೆಗೆ ಬಂದು, ನಾನಿಲ್ಲದಾಗ?"

"ಅಲ್ವೇ, ಅವು ಬಿಸಿಲಲ್ಲೂ ಕಪ್ಪೇ ತಾನೇ..."

"ಕಪ್ಪೇ! ಅದಕ್ಕೇ ಇಟ್ಕೊಂಡಿರೋದು! ಏಳು ವರ್ಷದಿಂದ ಹೇಳ್ತಿದ್ದೀನಿ, ಊಟ ಮಾಡ್ತಾ ಹೇಳಿದ್ದೀನಿ, ಮಲಗಿದಾಗ ಹೇಳಿದ್ದೀನಿ. ಹೂಂ ಹೂಂ ಅಂತಿದ್ರಲ್ಲ, ಯಾವ ಸ್ಟಾಪಿನಲ್ಲಿ ಇಳಿದು ಹೋಗಿದ್ರಿ?"

ಗಂಡ ತಲೆ ತಗ್ಗಿಸಿದ. ಅವಳು ಮುಂದಿನ ಮಾತು ಕೇಳಲು ನಿಲ್ಲಲಿಲ್ಲ.

ಕೋಳಿ ಅಂಗಡಿ ಮುಖ್ಯರಸ್ತೆಯ ತಿರುವಿನಲ್ಲಿತ್ತು. ಅಂಗಡಿಯವನು ಹಲಗೆಗೆ ನೀರು ಹಾಕಿ ಉಜ್ಜುತ್ತಿದ್ದ. ಅವನು ಕಟ್ಟಿಕೊಂಡಿದ್ದ ಏಪ್ರನ್ನು ಅವಳೇ ಹೊಲಿದದ್ದು. ದಾರಿಯುದ್ದಕ್ಕೂ ಅವಳು ದೇವರನ್ನು ಬೇಡಿಕೊಂಡಿದ್ದು ಒಂದೇ: ಎರಡೂ ಬೇಡ, ಒಂದಾದರೂ ಸಾಕು.

"ಸಂಘದ ಸಾಹೇಬ್ರು ತಂದ ಎರಡು ಕಪ್ಪು ಹೇಂಟೆ ಎಲ್ಲಪ್ಪಾ?"

ಅವನು ಉಜ್ಜುವುದನ್ನು ನಿಲ್ಲಿಸಿದ.

"ಅಯ್ಯೋ ಅಕ್ಕಾ, ನಿಮ್ಮವಾ? ಅವರು ಹೇಳ್ಲೇ ಇಲ್ಲ. ಹೋಟೆಲಿನವರು ಬಂದು ನಿಂತಿದ್ರು, ದಪ್ಪಗಿದ್ವು, ತಗೊಂಡು ಹೋದ್ರು. ಅರ್ಧ ಗಂಟೆ ಆಯ್ತು."

"ಎರಡೂ?"

"ಎರಡೂ ಅಕ್ಕಾ." ಅವನು ಕೈ ಒರೆಸಿಕೊಂಡ. "ನನ್ನ ಮೇಲೆ ಕೋಪ ಮಾಡ್ಕೋಬೇಡಿ."

"ನಿನ್ನ ಮೇಲೆ ಯಾಕಪ್ಪಾ. ನೀನು ಚಾಕು ಹಿಡ್ಕೊಂಡು ಚಾಕು ಅಂತಲೇ ಹೇಳ್ಕೊಂಡು ಕೂತಿದ್ದೀಯ."

ಮೂಲೆಯ ಡ್ರಮ್ಮಿನಲ್ಲಿ ಪುಕ್ಕಗಳಿದ್ದವು. ಅವಳು ಬಗ್ಗಿ, ಒದ್ದೆ ರಾಶಿಯೊಳಗೆ ಕೈ ಹಾಕಿ, ಉದ್ದನೆಯದೊಂದು ರೆಕ್ಕೆಪುಕ್ಕ ಆರಿಸಿಕೊಂಡಳು. ಅದು ಮಸಿಯದು. ಸೆರಗಿನಲ್ಲಿ ಒರೆಸಿದಳು. ಅಂಗಡಿಯವನು ಅತ್ತ ತಿರುಗಿ ಕೊಳಾಯಿ ಬಿಟ್ಟ.

ಕಾರ್ಯದರ್ಶಿಗಳ ಮನೆ ತಲುಪುವ ಹೊತ್ತಿಗೆ ಮಂಜು ಸರಿದು ಬಿಸಿಲು ಚುರುಕಾಗಿತ್ತು. ಅವರು ಅಳತೆ ತೂಕದ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. ನಿವೃತ್ತರಾದ ಮೇಲೆ ತೂಗಲು ಅಂಗಡಿಗಳಿಲ್ಲದೆ ಕೋಳಿಗಳ ಕಡೆ ತಿರುಗಿದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಅಳತೆಕಡ್ಡಿ ಎನ್ನುತ್ತಿದ್ದರು. ಮೋಸಗಾರರೇನಲ್ಲ. ಒಂದು ಮೊಟ್ಟೆ ಲಂಚ ತಿಂದವರಲ್ಲ. ಪುಸ್ತಕದ ನಲವತ್ತೆರಡು ಪುಟವೂ ಅವರದೇ ಬರವಣಿಗೆ.

ಮುಂದಿನ ಜಗಲಿಯಲ್ಲಿ ಒಂದು ಪಂಜರ. ಅದರಲ್ಲಿ ಕಳೆದ ಪ್ರದರ್ಶನದಲ್ಲಿ ಮೊದಲ ಬಹುಮಾನ ಪಡೆದ ಹುಂಜ, ಸರಳಿಗೆ ಕಟ್ಟಿದ ಕೆಂಪು ಪಟ್ಟಿಯ ಪಕ್ಕದಲ್ಲೇ ಎದೆಯುಬ್ಬಿಸಿ ನಿಂತಿತ್ತು. ಕಾರ್ಯದರ್ಶಿಗಳು ಮೇಜಿನ ಮುಂದೆ ಕೂತು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು.

"ಬನ್ನಿ ತಾಯಿ. ನಿಮ್ಮ ಹಿತ್ತಲು ಪಾಸಾಯ್ತು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು! ಆ ಎರಡು ಕಳೆ ಕಿತ್ತುಹಾಕಿದ ಮೇಲೆ ತೋಟ ನೋಡೋಕೆ ಎಷ್ಟು ಚೆಂದ ಆಯ್ತು ಗೊತ್ತಾ?"

"ಸ್ವಾಮಿ, ಈ ಹುಂಜ ಎಲ್ಲಿಂದ ಬಂತು?"

"ಎಲ್ಲಿಂದ ಅಂದ್ರೆ? ನೀವೇ ಕೊಟ್ಟ ಮೊಟ್ಟೆ ಅಲ್ವಾ? ಎರಡು ವರ್ಷದ ಹಿಂದೆ ವಸಂತದಲ್ಲಿ ಹನ್ನೆರಡು ಕೊಟ್ರಲ್ಲ. ಪ್ರದರ್ಶನದಲ್ಲಿ ಎಲ್ಲರ ಮುಂದೆ ನಿಮ್ಮ ಉಪಕಾರ ನೆನೆದೆನಲ್ಲ."

"ಆ ಮೊಟ್ಟೆ ಇಟ್ಟವಳು ಯಾರು ಅಂತ ಕೇಳಿದ್ರಾ?"

"ಅದೆಲ್ಲ..." ಅವರು ನಕ್ಕರು. "ಹನ್ನೆರಡು ಮೊಟ್ಟೆಗೂ ಹೆಸರು ಕೇಳ್ತಾರಾ ತಾಯಿ?"

ಹೊಲಿಗೆಯಮ್ಮ ಪಂಜರದ ಬಾಗಿಲು ತೆಗೆದಳು. ಕಾರ್ಯದರ್ಶಿಗಳು "ಏ ಏ" ಎನ್ನುವುದರೊಳಗೆ ಹುಂಜ ಅವಳ ಕಂಕುಳಲ್ಲಿತ್ತು. ಅಪರಿಚಿತ ಕೈಯೆಂದು ಅದೇನೂ ಹಾರಾಡಲಿಲ್ಲ. ಜಗಲಿಯ ಅಂಚಿಗೆ, ನೇರ ಬಿಸಿಲಿಗೆ ಬಂದು, ಅದರ ರೆಕ್ಕೆ ಬಿಡಿಸಿ, ಕೈಯಲ್ಲಿದ್ದ ಪುಕ್ಕವನ್ನು ಅದರ ಪಕ್ಕಕ್ಕೆ ಹಿಡಿದಳು. ಜೇಬಿನ ಗೆರೆಯನ್ನು ಎದೆಯ ಗೆರೆಗೆ ಹೊಂದಿಸುವ ಹಾಗೆ.

"ನೋಡಿ. ಗೆರೆ ಎಷ್ಟು? ಎಣಿಸಿ. ಇದರಲ್ಲಿ ಹದಿಮೂರು, ಅದರಲ್ಲಿ ಹದಿಮೂರು. ತುದಿಗೆ ಬರ್ತಾ ಹೇಗೆ ಬಾಗುತ್ತೆ ನೋಡಿ, ಇಲ್ಲಿ, ಇಲ್ಲಿ. ಈ ಬಾಗು ನನ್ನ ಹಿತ್ತಲಲ್ಲಿ ಇನ್ಯಾವ ಕೋಳಿಗೂ ಇಲ್ಲ. ಇವನ ತಾಯಿ ಇವಳು. ಇವನಿಗೆ ಪಟ್ಟಿ ಕಟ್ಟಿದ ಕೈಯಿಂದಲೇ ಇವನ ತಾಯಿಯನ್ನ ತಗೊಂಡೋಗಿ ಕತ್ತಿಗೆ ಕೊಟ್ಟು ಬಂದಿದ್ದೀರಿ!"

ಕಾರ್ಯದರ್ಶಿಗಳು ಕನ್ನಡಕ ಏರಿಸಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಎಣಿಸಿದರು ಕೂಡ, ತುಟಿ ಅಲ್ಲಾಡುತ್ತಿತ್ತು. ನಂತರ ಕನ್ನಡಕ ಇಳಿಸಿದರು.

"ಇರಬಹುದು. ಇಲ್ಲ ಅನ್ನಲ್ಲ. ಆದ್ರೆ ತಾಯಿ, ಪುಸ್ತಕದಲ್ಲಿ..."

"ಪುಸ್ತಕ ಪಂಜರದಲ್ಲಿ ನಿಂತ ಕೋಳಿ ನೋಡುತ್ತೆ ಸ್ವಾಮಿ. ಅದರ ಹಿಂದೆ ನಿಂತವಳನ್ನ ನೋಡಲ್ಲ. ಎಲ್ಲ ತಾಯಂದಿರೂ ಪುಸ್ತಕದ ಥರ ಇದ್ರೆ ಇನ್ನು ಮೂರು ವರ್ಷಕ್ಕೆ ನಿಮಗೆ ಇಂಥ ಒಂದು ಹುಂಜ ಸಿಗಲ್ಲ. ಎಲ್ಲಾ ಸುಣ್ಣ ಬಳಿದ ಗೋಡೆ ಥರ ಇರುತ್ತೆ. ಬರ್ಕೊಳ್ಳಿ, ರಿಜಿಸ್ಟರ್ ಮುಂದೇ ಇದೆಯಲ್ಲ."

"ಹಾಗಂತ ಮೊದಲೇ ಹೇಳಬಹುದಿತ್ತು."

"ಹೇಳೋಕೆ ಹನ್ನೊಂದು ಗಂಟೆಗೆ ಬರಬೇಕಿತ್ತು ನೀವು! ಒಂಬತ್ತಕ್ಕೆ ಬಂದು, ಮಂಜಲ್ಲಿ ಕಣ್ಣು ಕಿರಿದು ಮಾಡಿ, ಟೀ ಕುಡಿದು, ಪಾಪದ ಮನುಷ್ಯನ ಕೈಲಿ ಸಹಿ ಹಾಕಿಸ್ಕೊಂಡು ಹೋದ್ರಲ್ಲ! ಕೋಳಿ ಅವರದಾ? ಹನ್ನೊಂದು ವರ್ಷ ಹಿಕ್ಕೆ ಬಳಿದವರು ಅವರಾ?"

ಕಾರ್ಯದರ್ಶಿಗಳ ಕಿವಿ ಕೆಂಪಾಯಿತು. ಒಳಗಿನ ಬಾಗಿಲ ಪರದೆ ಅಲುಗಾಡಿತು. ಅವರ ಹೆಂಡತಿ ಅಲ್ಲಿ ನಿಂತಿದ್ದಳು, ಕೈಯಲ್ಲಿ ಒರೆಸುತ್ತಿದ್ದ ತಟ್ಟೆ. ತಟ್ಟೆ ಎಂದೋ ಒಣಗಿತ್ತು, ಆಕೆ ಒರೆಸುತ್ತಲೇ ಇದ್ದಳು.

ಹೊಲಿಗೆಯಮ್ಮ ಹುಂಜವನ್ನು ಪಂಜರಕ್ಕೆ ಬಿಟ್ಟು ಬಾಗಿಲು ಹಾಕಿದಳು. ಅಗುಳಿ ಸರಿಮಾಡುವಾಗ ಇನ್ನೊಂದು ಮಾತು ನೆನಪಾಯಿತು.

"ನಿಮ್ಮ ಪುಸ್ತಕದಲ್ಲೇ ಇದೆ. ಕಾವಿಗೆ ಮೊಟ್ಟೆ ತಗೊಂಡವರು ಮರುವರ್ಷ ಆ ಮರಿಗಳಲ್ಲಿ ಒಂದು ಹೇಂಟೆ ಕೊಟ್ಟವರಿಗೆ ವಾಪಸ್ ಕೊಡಬೇಕು ಅಂತ. ನಾನು ಕೇಳಿದಾಗ ಏನಂದ್ರಿ? ಹೆಣ್ಣು ಒಂದೂ ಬರಲಿಲ್ಲ ತಾಯಿ, ಎಲ್ಲಾ ಹುಂಜವೇ ಅಂದ್ರಿ. ನಾನು ಅದೃಷ್ಟ ಅಂದ್ಕೊಂಡೆ. ಇವತ್ತು ಆ ಒಂದು ಹೇಂಟೆ ಇದ್ದಿದ್ರೆ..."

ಕಾರ್ಯದರ್ಶಿಗಳು ಪೆನ್ಸಿಲನ್ನು ರಿಜಿಸ್ಟರಿನ ಅಂಚಿಗೆ ನೇರವಾಗಿ ಜೋಡಿಸಿದರು. ಸುಳ್ಳು ಅವರಿಗೆ ರೂಢಿಯಿಲ್ಲ. ಒಮ್ಮೆ ಹೇಳಿದ್ದು ಗಂಟಲಲ್ಲೇ ಉಳಿದಿತ್ತೇನೋ.

"ಬಂದಿತ್ತು."

"ಏನು?"

"ಹೆಣ್ಣು ಬಂದಿತ್ತು. ಐದು. ಐದೂ ಕಪ್ಪು, ಕರೀ ಕಪ್ಪು. ಅಂಥ ಅನರ್ಹ ಕೋಳಿಯನ್ನ ನಿಮಗೆ ಹೇಗೆ ವಾಪಸ್ ಕೊಡೋದು? ನಿಮ್ಮ ಮೊಟ್ಟೆಯಲ್ಲಿ ಇಂಥದ್ದು ಬಂತು ಅಂತ ಗೊತ್ತಾದ್ರೆ ನಿಮಗೆ ಅವಮಾನ ಅಂತ... ಯಾರಿಗೂ ಹೇಳದೆ ಅಂಗಡಿಗೆ ಕಳಿಸಿಬಿಟ್ಟೆ. ನಿಮ್ಮ ಮರ್ಯಾದೆ ಉಳಿಸೋಕೇ ತಾಯಿ."

ಹೊಲಿಗೆಯಮ್ಮ ಅವರನ್ನೇ ನೋಡಿದಳು. ಆ ಮನುಷ್ಯ ನಿಜವಾಗಿಯೂ ಉಪಕಾರ ಮಾಡಿದೆನೆಂದೇ ತಿಳಿದಿದ್ದ. ಬೈದು ಬಿಸಾಡಬಹುದಾದ ಕಳ್ಳನಾಗಿದ್ದರೂ ಎಷ್ಟೋ ವಾಸಿಯಿತ್ತು.

"ನನ್ನ ಮರ್ಯಾದೆ," ಎಂದಳು. "ಐದು ಹೋದ ವರ್ಷ, ಎರಡು ಇವತ್ತು. ಏಳು. ನನ್ನ ಮರ್ಯಾದೆ ಕಾಯೋಕೆ ಇನ್ನು ಆ ಸಾಲಿನಲ್ಲಿ ಒಂದೂ ಉಳಿದಿಲ್ಲ ಸ್ವಾಮಿ. ನಿಶ್ಚಿಂತೆಯಾಗಿರಿ."

"ನಿಯಮ ತಿದ್ದೋದಾದ್ರೆ ಮುಂದಿನ ಸಭೆಯಲ್ಲಿ ಅರ್ಜಿ ಕೊಡಿ. ನಾನೇ ಮಂಡಿಸ್ತೀನಿ. ತಾಯಿ ಕೋಳಿ ಅಂತ ಒಂದು ಅಧ್ಯಾಯ ಸೇರಿಸಬಹುದು."

"ಸೇರಿಸಿ. ಸತ್ತವರ ಪಟ್ಟಿ ನಾನು ಕೊಡ್ತೀನಿ."

ಅವಳು ಮೆಟ್ಟಿಲಿಳಿದಳು. ಗೇಟಿನ ಕಡೆ ಹೋಗದೆ, ಎದುರಿಗೆ ಕಂಡ ಮನೆಯ ಪಕ್ಕದ ಓಣಿಗೇ ತಿರುಗಿದಳು. ರಸ್ತೆಯಲ್ಲಿ ಯಾರಾದರೂ ಸಿಕ್ಕಿ "ಯಾಕಮ್ಮಾ ಹೀಗಿದ್ದೀಯ" ಎಂದರೆ ಅಳು ಬಂದುಬಿಡುತ್ತದೆಂಬ ಅಂಜಿಕೆ. ಗೋಡೆಗೆ ಒರಗಿ ನಿಂತು ಉಸಿರು ತಿರುಗಿಸಿಕೊಂಡಳು. ಕೋಪವೆಲ್ಲ ಮಾತಿನಲ್ಲಿ ಹೋಗಿಬಿಡುತ್ತದೆಂದು ಯಾರು ಹೇಳಿದರೋ. ಆಡಿದಷ್ಟೂ ಅದು ಒಳಗೆ ಉಕ್ಕುತ್ತಿತ್ತು. ಅಧ್ಯಾಯವಂತೆ. ಅರ್ಜಿಯಂತೆ.

"ಅಕ್ಕಾ."

ಓಣಿಯ ಕೊನೆಯಲ್ಲಿ ಬಟ್ಟೆ ಒಗೆಯುವ ಕೋಣೆಯ ಬಾಗಿಲು ಗೇಣಷ್ಟು ತೆರೆದಿತ್ತು. ಕಾರ್ಯದರ್ಶಿಗಳ ಹೆಂಡತಿ ಕೈಸನ್ನೆ ಮಾಡುತ್ತಿದ್ದಳು.

ಒಳಗೆ ಸಾಬೂನಿನ ವಾಸನೆ. ಕಲ್ಲಿನ ಹಿಂದೆ, ಮುರಿದ ಬಕೆಟ್ಟುಗಳ ಮರೆಯಲ್ಲಿ, ಹಳೆಯ ಟವೆಲ್ಲು ಹಾಸಿದ ಒಂದು ಮರದ ಪೆಟ್ಟಿಗೆ. ಅದರೊಳಗಿಂದ ಗೆರೆಯೇ ಕಾಣದಷ್ಟು ಕಪ್ಪಾದ ಹೇಂಟೆಯೊಂದು ಕತ್ತು ಓರೆಮಾಡಿ ನೋಡಿತು.

"ನಾಲ್ಕೇ ಹೋಗಿದ್ದು," ಎಂದಳು ಆಕೆ ಪಿಸುದನಿಯಲ್ಲಿ. "ಬುಟ್ಟಿಗೆ ತುಂಬುವಾಗ ಇದು ನನ್ನ ಕಾಲ ಸಂದಿಗೆ ನುಗ್ಗಿಬಿಡ್ತು. ಮನಸ್ಸಾಗಲಿಲ್ಲ. ಅವರು ಈ ಕಡೆ ಬರಲ್ಲ, ಇಲ್ಲಿ ಅಳೆಯೋಕೆ ಏನೂ ಇಲ್ಲವಲ್ಲ. ಒಂದು ವರ್ಷದಿಂದ ದಿನಾ ಬೆಳಿಗ್ಗೆ ಇದರದೇ ಮೊಟ್ಟೆ ತಿಂದು, ಎಷ್ಟು ರುಚಿ, ಯಾವ ಅಂಗಡಿದು ಅಂತ ಕೇಳ್ತಾರೆ."

ಹೊಲಿಗೆಯಮ್ಮ ಪೆಟ್ಟಿಗೆಯ ಮುಂದೆ ಬಗ್ಗಿ ಅದರ ಜುಟ್ಟಿನ ಮೊನೆ ಎಣಿಸಿದಳು.

"ನಿಮ್ಮದು ಅಂತ ಗೊತ್ತಿತ್ತು ಅಕ್ಕಾ. ಕೊಡಬೇಕು ಅಂತಲೂ ಗೊತ್ತಿತ್ತು. ಹೇಗೆ ಅಂತ ಗೊತ್ತಾಗಲಿಲ್ಲ. ಕೊಟ್ರೆ ಅವರು ಹೇಳಿದ್ದು ಸುಳ್ಳಾಗುತ್ತೆ. ದಿನಾ ನಾಳೆ, ನಾಳೆ ಅಂದ್ಕೊಂಡೆ." ಆಕೆ ಸೆರಗಿನಿಂದ ಮೂಗೊರೆಸಿಕೊಂಡಳು. "ನನ್ನನ್ನೂ ಬೈಯಿರಿ."

ಬೈಯಬೇಕೆಂದೇ ಹೊಲಿಗೆಯಮ್ಮನಿಗೆ ಅನ್ನಿಸಿತು. ಒಂದು ವರ್ಷ! ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಹೇಂಟೆ ದೊಡ್ಡದಾಗಿ ಕ್ಕೊಕ್ಕೊಕ್ಕೊ ಎಂದಿತು. ಇಬ್ಬರೂ ತಟ್ಟನೆ ಎದುರಿನ ಕಿಟಕಿ ನೋಡಿದರು. ಕಿಟಕಿಯಾಚೆ, ಒಳಕೋಣೆಗೆ ಬಂದು ಕೂತಿದ್ದ ಕಾರ್ಯದರ್ಶಿಗಳ ಬೆನ್ನು ಕಾಣುತ್ತಿತ್ತು. ರಿಜಿಸ್ಟರಿನ ಮೇಲೆ ಓಡುತ್ತಿದ್ದ ಪೆನ್ಸಿಲು ನಿಂತಿತು. ಕತ್ತು ಸ್ವಲ್ಪ ನೆಟ್ಟಗಾಯಿತು. ಹಾಗೇ ಕೂತರು. ತಿರುಗಲಿಲ್ಲ.

ಹೆಂಡತಿ ಮೊಣಕಾಲೂರಿ ಕೂತಳು. ಹೇಂಟೆಯ ಕಾಲಿಗೆ ಕಟ್ಟಿದ್ದ ಬಟ್ಟೆಯ ಚಿಂದಿಯನ್ನು ಬೆರಳಿಂದ ಬಿಚ್ಚಲಾಗದೆ, ಬಗ್ಗಿ ಹಲ್ಲಿನಿಂದ ಗಂಟು ಸಡಿಲಿಸಿದಳು. ನಂತರ ಅದನ್ನು ಎರಡೂ ಕೈಯಲ್ಲಿ ಎತ್ತಿ, ಪುಕ್ಕಕ್ಕೆ ಅಂಟಿದ್ದ ಹೊಟ್ಟನ್ನು ಒಮ್ಮೆ ಸವರಿ ತೆಗೆದು, ಹೊಲಿಗೆಯಮ್ಮನ ಕೈಗೆ ಕೊಟ್ಟಳು.